ಇಬ್ಬರು ಸೇರಿ ವರ್ಷವಿಡೀ ಮಾಡುವ ಕವಿತೆ-ಚಿತ್ರದ ಕಡತ: ಹಾಳೆ, ಸರದಿ, ಅಂಚೆ, ಅಕ್ಷರದ ಬಗ್ಗೆ ಸಲಹೆ ಬೇಕು

ಬಳಪದಕಡ್ಡಿ ಕೇಳಿದ್ದು:

ನಮಸ್ಕಾರ. ನಾನು ಕವಿತೆ ಬರೆಯುವವಳು, ಗೆಳತಿ ಚಿತ್ರ ಬಿಡಿಸುವವಳು. ನಾನಿರುವುದು ಧಾರವಾಡ, ಅವಳು ಮಂಗಳೂರು. ಬರುವ ಯುಗಾದಿಯಿಂದ ಮುಂದಿನ ಯುಗಾದಿಯವರೆಗೆ ತಿಂಗಳಿಗೊಂದು ಕವಿತೆ, ಅದರ ಎದುರಿಗೊಂದು ಚಿತ್ರ, ಹೀಗೆ ಹನ್ನೆರಡು ಜೋಡಿ ಒಂದೇ ಪುಸ್ತಕದಲ್ಲಿ ಬರಬೇಕು. ಎಲ್ಲವೂ ಕೈಯಲ್ಲೇ. ಹಳೆಯ ಕಡತದ ಹಾಗೆ ಹಿಂದೆ ಮುಂದೆ ಮಡಚುವ ಆಕಾರ ಇಬ್ಬರಿಗೂ ಇಷ್ಟ. ವಾಟ್ಸ್ಯಾಪಿನಲ್ಲಿ ಫೋಟೊ ಕಳಿಸಿ ಹೆಬ್ಬೆರಳು ಎತ್ತುವ ವ್ಯವಹಾರ ಸಾಕಾಗಿದೆ.

ಯಾವ ಹಾಳೆ, ಎಷ್ಟು ದಪ್ಪ, ಅಳತೆ ಹೇಗೆ? ಪುಸ್ತಕ ಅಂಚೆಯಲ್ಲಿ ಓಡಾಡುವಾಗ ಕಳೆದುಹೋದರೆ? ಮುಖ್ಯವಾಗಿ, ಚಿತ್ರ ಕವಿತೆಯ ಬಾಲ ಹಿಡಿದುಕೊಂಡು ಹೋಗದಂತೆ ನೋಡಿಕೊಳ್ಳುವುದು ಹೇಗೆ? "ಕವಿತೆಗೆ ಚಿತ್ರ" ಅಂತಾದರೆ ಅವಳ ಕೆಲಸ ಎರಡನೇ ದರ್ಜೆಯದಾಗುತ್ತದೆ, ಅದು ಬೇಡ.

ಮೂರನೇಸಾಲು ಉತ್ತರ:

ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಹಾಳೆ, ಅಂಟು ಎಲ್ಲ ಆಮೇಲೆ. ಇಂಥ ಜೋಡಿ ಕೆಲಸ ನಿಂತುಹೋಗುವುದು ಅಂಟು ಬಿಟ್ಟಿದ್ದರಿಂದಲ್ಲ, ಮೂರನೇ ತಿಂಗಳಿಗೆ ಒಬ್ಬರಿಗೆ ಬೇಸರ ಬಂದದ್ದರಿಂದ.

ನೀವು ಹೇಳಿದ ಕ್ರಮದಲ್ಲಿ ಪ್ರತಿ ತಿಂಗಳೂ ಕವಿತೆ ಮೊದಲು, ಚಿತ್ರ ಆಮೇಲೆ. ಹಾಗಾದರೆ ಚಿತ್ರಕಾರ್ತಿ ವರ್ಷಪೂರ್ತಿ ಉತ್ತರ ಕೊಡುತ್ತಲೇ ಇರಬೇಕು, ಪ್ರಶ್ನೆ ಕೇಳುವ ಸರದಿ ಅವಳಿಗೆ ಬರುವುದೇ ಇಲ್ಲ. ಇದನ್ನು ಸರಪಳಿಯಾಗಿ ಮಾಡಿ. ಮೊದಲ ಕವಿತೆಗೆ ಮೊದಲ ಚಿತ್ರ ಉತ್ತರ. ಎರಡನೇ ಕವಿತೆ ಹೊಸದಾಗಿ ಹುಟ್ಟಬಾರದು, ಮೊದಲ ಚಿತ್ರಕ್ಕೆ ಉತ್ತರವಾಗಿ ಹುಟ್ಟಬೇಕು. ಆಗ ಹನ್ನೆರಡು ಜೋಡಿಗಳ ಬದಲು ಇಪ್ಪತ್ತನಾಲ್ಕು ಕೊಂಡಿಗಳ ಒಂದೇ ಸರ ಸಿಗುತ್ತದೆ.

ಜಪಾನಿನಲ್ಲಿ ಹಲವರು ಕೂಡಿ ಕಟ್ಟುವ 36 ಪದ್ಯಗಳ ಸರಪಳಿಗೆ ಕಾಸೆನ್ ಅಂತ ಹೆಸರು. ಅದರಲ್ಲಿ ಎರಡು ನಿಯಮ ನಿಮಗೆ ಬೇಕಾದವು. ಪ್ರತಿ ಪದ್ಯವೂ ತನ್ನ ಹಿಂದಿನದಕ್ಕೆ ತಗಲಿಕೊಳ್ಳಬೇಕು, ಆದರೆ ಹಿಂದಿನದರ ಹಿಂದಿನದಕ್ಕೆ ವಾಪಸು ಹೋಗಬಾರದು. ಎರಡನೆಯ ನಿಯಮ ಮರೆತರೆ ಸರಪಳಿ ಗಾಣವಾಗುತ್ತದೆ. ಇನ್ನೊಂದು ಅನುಕೂಲವನ್ನೂ ಎರವಲು ತರಬಹುದು. ಕಾಸೆನ್‌ನಲ್ಲಿ ಚಂದ್ರ ಬರುವ ಜಾಗ 5, 14, 29, ಹೂವು ಬರುವ ಜಾಗ 17, 35 ಅಂತ ಮೊದಲೇ ಗೊತ್ತು. ನೀವೂ ಹಾಗೆ ಎರಡು ಮೂರು ಕಡೆ ಗೂಟ ಹೊಡೆದಿಡಿ: ಏಳನೇ ಕೊಂಡಿಯಲ್ಲಿ ಮಳೆ, ಹದಿನೈದರಲ್ಲಿ ದೀಪ, ಹೀಗೆ. ಏನೂ ಹೊಳೆಯದ ತಿಂಗಳಲ್ಲಿ ಗೂಟ ಕೈ ಹಿಡಿಯುತ್ತದೆ.

ಕೊಂಡಿ ಅಂದರೆ ಏನು ಅನ್ನುವುದಕ್ಕೆ ಒಂದು ಉದಾಹರಣೆ ಕಟ್ಟಿದ್ದೇನೆ. ಕವಿತೆ ಇದು ಅಂದುಕೊಳ್ಳಿ:

ಬಾವಿಗಿಳಿದ ಕೊಡ
ಮೇಲೆ ಬಂತು
ಬರಿ ತಂಪು ತುಂಬಿ

ಇದಕ್ಕೆ ಬಾವಿ, ಕೊಡ, ರಾಟೆ ಬಿಡಿಸಿದರೆ ಪಠ್ಯಪುಸ್ತಕದ ಚಿತ್ರವಾಯಿತು. ಕವಿತೆಯಲ್ಲಿರುವ ಯಾವ ನಾಮಪದವೂ ಚಿತ್ರದಲ್ಲಿ ಬರಕೂಡದು ಅಂತ ಕಟ್ಟು ಹಾಕಿಕೊಳ್ಳಿ. ಆಗ ಚಿತ್ರಕಾರ್ತಿ ಹುಡುಕಬೇಕಾಗುತ್ತದೆ: ಹಗ್ಗ ಉಜ್ಜಿ ಉಜ್ಜಿ ಗೆರೆ ಬಿದ್ದ ಒಂದು ಕಟ್ಟೆಕಲ್ಲು, ಅಷ್ಟೇ. ನೀರಿಲ್ಲದ ಬಾವಿಗೆ ಒಂದು ಕಾಲದಲ್ಲಿ ಎಷ್ಟು ಜನ ಬರುತ್ತಿದ್ದರು ಅನ್ನುವುದು ಆ ಗೆರೆಯಿಂದ ಗೊತ್ತಾಗುತ್ತದೆ. ಕವಿತೆ ಅದನ್ನು ಹೇಳಿರಲಿಲ್ಲ. ಈಗ ಮುಂದಿನ ಕವಿತೆ ಹಿಡಿಯಬೇಕಾದದ್ದು ಗೆರೆಯನ್ನು, ಬಾವಿಯನ್ನಲ್ಲ:

ಅಜ್ಜಿಯ ಬೆರಳಲ್ಲಿ
ಉಂಗುರವಿದ್ದ ಜಾಗ
ಇನ್ನೂ ಬೆಳ್ಳಗಿದೆ

ಸವೆದ ಕಲೆಯಿಂದ ಉಳಿದ ಕಲೆಗೆ ಕೊಂಡಿ. ಬಾವಿ ಹಿಂದೆ ಉಳಿಯಿತು. ಇದಕ್ಕೆ ಬರುವ ಚಿತ್ರದಲ್ಲಿ ಕಲ್ಲು, ಹಗ್ಗ ಮತ್ತೆ ಬಂದರೆ ನಿಯಮ ಮುರಿದಂತೆ.

ಕವಿತೆಯ ಕೆಳಗೆ ವಿವರಣೆ ಬರೆದು ಕಳಿಸಬೇಡಿ. "ಇದು ನಮ್ಮ ಅಜ್ಜಿಯ ಬಗ್ಗೆ, ಅವರು ಹೋದ ವರ್ಷ..." ಅಂತ ಚೀಟಿ ಹೋದರೆ ಚಿತ್ರ ಆ ಚೀಟಿಗೆ ಬರುತ್ತದೆ, ಕವಿತೆಗಲ್ಲ. ಹಾಗೆಯೇ "ಸೂಪರ್, ಚೆನ್ನಾಗಿದೆ" ಅನ್ನುವ ಮಾತನ್ನು ಇಬ್ಬರೂ ನಿಷೇಧಿಸಿಕೊಳ್ಳಿ. ಹೇಳಬೇಕಾದ್ದು ಎರಡೇ: ಕಣ್ಣು ಎಲ್ಲಿ ನಿಂತಿತು, ಎಲ್ಲಿ ಜಾರಿತು. "ಎರಡನೇ ಸಾಲಿನಲ್ಲಿ ಎಡವಿದೆ" ಅನ್ನುವ ಗೆಳತಿ ಇದ್ದರೆ ಬರವಣಿಗೆ ಬೆಳೆಯುತ್ತದೆ. ವರ್ಷಕ್ಕೆ ಒಂದೇ ಸಲ "ಇದು ಬೇಡ, ಇನ್ನೊಂದು ಕೊಡು" ಅನ್ನುವ ಹಕ್ಕು ಇಬ್ಬರಿಗೂ ಇರಲಿ, ಕಾರಣ ಕೇಳಬಾರದು. ಹಕ್ಕು ಒಂದೇ ಆದ್ದರಿಂದ ಯಾರೂ ಸುಮ್ಮನೆ ಖರ್ಚು ಮಾಡುವುದಿಲ್ಲ.

ಸಮಯ ತಲಾ ಹದಿನೈದು ದಿನ. ತಪ್ಪಿದರೆ ಆ ಪುಟ ಖಾಲಿ ಬಿಟ್ಟು ತಾರೀಕು ಬರೆದು ಮುಂದಕ್ಕೆ ಹೋಗಿ. ಬಾಕಿ ತೀರಿಸುವ ಗೊಡವೆ ಬೇಡ, ಬಾಕಿ ಎರಡಾದಾಗಲೇ ಪುಸ್ತಕ ಕಪಾಟು ಸೇರುವುದು.

1693ರಲ್ಲಿ ಜಪಾನಿನ ಕವಿ ಬಾಶೊ ತನ್ನ ಶಿಷ್ಯ, ಚಿತ್ರಕಾರ ಕ್ಯೊರಿಕು ಊರಿಗೆ ಹೊರಟಾಗ ಬರೆದುಕೊಟ್ಟ ಬೀಳ್ಕೊಡುಗೆಯಲ್ಲಿ, ಚಿತ್ರದಲ್ಲಿ ಇವನು ನನಗೆ ಗುರು, ಕವಿತೆಯಲ್ಲಿ ಇವನು ನನಗೆ ಶಿಷ್ಯ ಅನ್ನುವ ಅರ್ಥದ ಮಾತಿದೆ. ಹಿರಿಯ ಕವಿಗೂ ಕುಂಚ ಹಿಡಿಯಲು ಶಿಷ್ಯನ ಹತ್ತಿರ ಕಲಿಯಲು ನಾಚಿಕೆಯಾಗಲಿಲ್ಲ. ಒಂದೆರಡು ತಿಂಗಳು ನೀವೂ ಪಾತ್ರ ಅದಲುಬದಲು ಮಾಡಿ: ಅವಳು ಬರೆಯಲಿ, ನೀವು ಬಿಡಿಸಿ. ಚಿತ್ರ ಕೆಟ್ಟದಾಗಿ ಬರುತ್ತದೆ, ಬರಲಿ. ಎದುರಿನವರ ಕೆಲಸಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ ಅನ್ನುವುದಾದರೂ ತಿಳಿಯುತ್ತದೆ.

ರಟ್ಟುದಾರ ಉತ್ತರ:

ಹಾಳೆಯ ಲೆಕ್ಕ ನನ್ನದು. ಕಡತ ಅಂದಿರಿ, ಸರಿಯಾದ ಮಾತು. ಈಗ ಕಚೇರಿ ಫೈಲಿಗೆ ಕಡತ ಅನ್ನುತ್ತೇವೆ. ಮೂಲದಲ್ಲಿ ಅದು ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲ ಪುಡಿ ಬಳಿದು ಕಪ್ಪು ಮಾಡಿ, ಹಿಂದೆ ಮುಂದೆ ಮಡಚಿ, ಬಳಪದಲ್ಲಿ ಬರೆಯುತ್ತಿದ್ದ ಪುಸ್ತಕ. ಶೃಂಗೇರಿ ಮಠದ ಕಡತಗಳು ಹೆಸರುವಾಸಿ. ನಿಮಗೆ ಬಟ್ಟೆ ಬೇಡ, ಕಾಗದ ಸಾಕು.

56 × 76 ಸೆಂ.ಮೀ. ಜಲವರ್ಣದ ಹಾಳೆ ಒಂದು ತನ್ನಿ, 200 ಜಿಎಸ್‌ಎಂ ಆಸುಪಾಸಿನದು (ಚದರ ಮೀಟರಿಗೆ ಇಷ್ಟು ಗ್ರಾಂ ಅಂತ ಹಾಳೆಯ ತೂಕ ಹೇಳುವ ಲೆಕ್ಕ). 300 ಜಿಎಸ್‌ಎಂ ಒಳ್ಳೆಯದು ಅಂತ ಅಂಗಡಿಯವರು ಹೇಳುತ್ತಾರೆ, ಬಿಡಿ ಚಿತ್ರಕ್ಕೆ ಒಳ್ಳೆಯದೇ. ಆದರೆ ಮಡಚುವಲ್ಲಿ ಮೇಲ್ಪದರ ಬಿರಿಯುತ್ತದೆ, 28 ಪುಟ ಸೇರಿದಾಗ ಒಂದೂವರೆ ಸೆಂ.ಮೀ. ಹತ್ತಿರ ದಪ್ಪವಾಗಿ ಪುಸ್ತಕ ಬಾಯಿ ತೆರೆದೇ ಕೂರುತ್ತದೆ. 120 ಜಿಎಸ್‌ಎಂಗೆ ಇಳಿದರೆ ನೀರು ಬಿದ್ದ ಕಡೆ ಹಪ್ಪಳ.

ಹಾಳೆಯನ್ನು ಉದ್ದಕ್ಕೆ 14 ಸೆಂ.ಮೀ. ಅಗಲದ ನಾಲ್ಕು ಪಟ್ಟಿ ಮಾಡಿ. ಪ್ರತಿ ಪಟ್ಟಿಯಲ್ಲಿ 10.5 ಸೆಂ.ಮೀ.ಯ ಏಳು ಪುಟ ಬಂದು 2.5 ಸೆಂ.ಮೀ. ಅಂಟುಪಟ್ಟಿ ಉಳಿಯುತ್ತದೆ. ಗುರುತು ಹಾಕುವಾಗ ಒಂದೊಂದೇ ಪುಟ ಅಳೆಯುತ್ತ ಹೋಗಬೇಡಿ. ಸಲಕ್ಕೆ ಅರ್ಧ ಮಿ.ಮೀ. ತಪ್ಪಿದರೂ ಕೊನೆಗೆ ಮೂರೂವರೆ ಮಿ.ಮೀ. ಸೊಟ್ಟ. ಸ್ಕೇಲನ್ನು ಒಂದೇ ತುದಿಯಲ್ಲಿಟ್ಟು 10.5, 21, 31.5, 42, 52.5, 63, 73.5 ಅಂತ ಗುರುತಿಸಿ. ಮಸಿ ಮುಗಿದ ಬಾಲ್‌ಪೆನ್ನಿನಿಂದ ಸ್ಟೀಲ್ ಸ್ಕೇಲಿನ ಆಸರೆಯಲ್ಲಿ ಗೀಚಿ ಆಮೇಲೆ ಮಡಚಿ. ಬರಿಗೈಯಲ್ಲಿ ಮಡಚಿದರೆ ಗೆರೆ ಹಾವಿನಂತೆ ಹೋಗುತ್ತದೆ.

ಕತ್ತರಿಸುವ ಮೊದಲು ನಾರಿನ ದಿಕ್ಕು ನೋಡಲೇಬೇಕು. ಹಾಳೆಯನ್ನು ಎರಡೂ ಕಡೆ ಮೆಲ್ಲಗೆ ಬಗ್ಗಿಸಿ, ಯಾವ ಕಡೆ ಸಲೀಸಾಗಿ ಬಗ್ಗುತ್ತದೋ ಆ ಮಡಿಕೆಯ ದಿಕ್ಕೇ ನಾರಿನ ದಿಕ್ಕು. ಮಡಿಕೆ ನಾರಿಗೆ ಸಮನಾಂತರವಾಗಿರಬೇಕು, ಅಂದರೆ ನಿಮ್ಮ ನಾರು 56 ಸೆಂ.ಮೀ. ಬದಿಯ ಉದ್ದಕ್ಕೆ ಇರಬೇಕು. 76ರ ಕಡೆ ಇದ್ದರೆ ಪಟ್ಟಿಯನ್ನು ಅಡ್ಡಕ್ಕೆ ತೆಗೆಯಬೇಕು. ಆಗ ಒಂದು ಪಟ್ಟಿಗೆ ಐದೇ ಪುಟ, ಒಟ್ಟು ಆರು ಪಟ್ಟಿ, ಹಾಳೆ ಎರಡು. ಕೈಕಾಗದದಲ್ಲಿ ನಾರಿನ ಹಟ ಅಷ್ಟಿರುವುದಿಲ್ಲ, ಆದರೆ ಮೇಲ್ಮೈ ಒರಟು, ಸಣ್ಣ ನಿಬ್ಬು ಸಿಕ್ಕಿಕೊಳ್ಳುತ್ತದೆ.

28 ಪುಟದ ಹಂಚಿಕೆ: 1 ಮತ್ತು 28 ರಟ್ಟಿಗೆ ಅಂಟುವವು, ಖಾಲಿ. 2ರಲ್ಲಿ ಹೆಸರು. 3ರಿಂದ 26ರವರೆಗೆ ಎದುರುಬದುರು ಹನ್ನೆರಡು ಜೋಡಿ. 27ರಲ್ಲಿ ಯಾರು, ಎಲ್ಲಿ, ಯಾವಾಗ, ಯಾವ ಮಸಿ, ಯಾವ ಹಾಳೆ ಅನ್ನುವ ವಿವರ. ಬೆಸ-ಸಮ ಪುಟಗಳ ನಡುವೆ ಒಳಮಡಿಕೆ, ಸಮ-ಬೆಸದ ನಡುವೆ ಹೊರಮಡಿಕೆ.

ರಟ್ಟು ಎರಡೂವರೆ ಮಿ.ಮೀ. ದಪ್ಪದ್ದು, 11.1 × 14.6 ಸೆಂ.ಮೀ., ಅಂದರೆ ಸುತ್ತ 3 ಮಿ.ಮೀ. ಹೊರಚಾಚು. ಮೇಲೆ ಗುಳೇದಗುಡ್ಡದ ಖಣ ಹಾಕಿದರೆ ಚೆಂದ, 14.5 × 18 ಸೆಂ.ಮೀ. ತುಂಡು ಸಾಕು. ಖಣಕ್ಕೆ ಮೊದಲು ತೆಳು ಕಾಗದದ ಅಸ್ತರಿ ಕೊಡಿ, ಇಲ್ಲದಿದ್ದರೆ ಅಂಟು ನೇಯ್ಗೆಯಲ್ಲಿ ಸೋಸಿ ಮೇಲೆ ಬಂದು ಕಲೆಯಾಗುತ್ತದೆ. ಅಂಟು ಬಿಳಿ ಫೆವಿಕಾಲ್, ತೆಳ್ಳಗೆ. ಮೈದಾ ಅಂಟಿಗೆ ಹುಳ ಬಾರದಿರಲಿ ಅಂತ ಮೈಲುತುತ್ತ ಹಾಕುವುದು ಹಳೆಯ ಬೈಂಡಿಂಗ್ ರೂಢಿ. ಲೆಕ್ಕದ ಪುಸ್ತಕಕ್ಕೆ ಸರಿ, ಚಿತ್ರವಿರುವ ಹಾಳೆಗೆ ಬೇಡ. ತಾಮ್ರದ ಅಂಶ ಕಾಗದವನ್ನೇ ಕಂದಿಸಿ ಪುಡಿ ಮಾಡುತ್ತದೆ.

ಉಳಿಮಸಿ ಉತ್ತರ:

ರಟ್ಟುದಾರರ ಲೆಕ್ಕ ಚೊಕ್ಕವಾಗಿದೆ, ಒಂದು ತೊಡಕು ಬಿಟ್ಟು. ಮೊದಲ ಪಟ್ಟಿ 7ನೇ ಪುಟಕ್ಕೆ ಮುಗಿಯುತ್ತದೆ. ಮೂರನೇ ಕವಿತೆ 7ರಲ್ಲಿ, ಅದರ ಚಿತ್ರ 8ರಲ್ಲಿ, ಅಂದರೆ ಬೇರೆ ಪಟ್ಟಿಯಲ್ಲಿ. ಹತ್ತನೇ ಜೋಡಿಗೂ (21, 22) ಇದೇ ಗತಿ. ಆದ್ದರಿಂದ ಶುರುವಿನಲ್ಲೇ 1-2 ಪಟ್ಟಿಗಳನ್ನು ಒಂದಕ್ಕೊಂದು, 3-4 ಪಟ್ಟಿಗಳನ್ನು ಒಂದಕ್ಕೊಂದು ಅಂಟಿಸಿಬಿಡಿ. ಈಗ 14 ಪುಟದ ಎರಡು ಭಾಗ. ಮೊದಲ ಭಾಗದಲ್ಲಿ ಆರು ಜೋಡಿ, ಎರಡನೆಯದರಲ್ಲಿ ಆರು, ಯಾವ ಜೋಡಿಯೂ ಒಡೆಯುವುದಿಲ್ಲ. 14-15ರ ಬೆಸುಗೆ ಮತ್ತು ರಟ್ಟು ವರ್ಷದ ಕೊನೆಗೆ. ನಾಲ್ಕನೇ ಪಟ್ಟಿಯ ಅಂಟುಪಟ್ಟಿ ಕತ್ತರಿಸಿ ಹಾಕಿ.

ಕಳೆದುಹೋಗುವ ಪ್ರಶ್ನೆಗೂ ಅರ್ಧ ಉತ್ತರ ಇಲ್ಲೇ ಇದೆ: ಒಂದು ಸಲಕ್ಕೆ ಅರ್ಧ ಪುಸ್ತಕ ಮಾತ್ರ ದಾರಿಯಲ್ಲಿರುತ್ತದೆ. ಮಡಚಿದಾಗ 10.5 × 14, ಎ5 ಕಾಗದ ಹಿಡಿಯುವ ಲಕೋಟೆಗೆ ಸಲೀಸು. ಎರಡೂ ಬದಿಗೆ ರಟ್ಟು, ಜಿಪ್ ಕವರ್, ಸ್ಪೀಡ್ ಪೋಸ್ಟ್. ಪ್ರತಿ ಸಲ ಕಳಿಸುವ ಮೊದಲು ಸ್ಕ್ಯಾನ್ ಕಡ್ಡಾಯ: ಬಣ್ಣದ ಪುಟ 300 ಡಿಪಿಐ (ಇಂಚಿಗೆ ಇಷ್ಟು ಚುಕ್ಕಿ), ಬರೀ ಗೆರೆಯದ್ದು 600. ಫೋನಿನ ಫೋಟೊ ಸಾಲದು, ಅಂಚು ಬಾಗುತ್ತದೆ, ಬೆಳಕು ಏರುಪೇರಾಗುತ್ತದೆ.

ಮಸಿ: ಶಾಲೆಯ ನೀಲಿ ಮಸಿ, ಬಹುತೇಕ ಜೆಲ್ ಪೆನ್ನು, ಸ್ಕೆಚ್ ಪೆನ್ನು ಬೇಡ. ನೀರು ತಾಗಿದರೆ ಹರಡುತ್ತವೆ, ಬೆಳಕಿಗೆ ಮಾಸುತ್ತವೆ. ಪಿಗ್ಮೆಂಟ್ (ನೀರಿನಲ್ಲಿ ಕರಗದ ಬಣ್ಣದ ಪುಡಿ) ಇರುವ, ಒಣಗಿದ ಮೇಲೆ ನೀರಿಗೆ ಜಗ್ಗದ ಕಪ್ಪು ಮಸಿ ತನ್ನಿ. ಅದೇ ಹಾಳೆಯ ಚೂರಿನ ಮೇಲೆ ಗೆರೆ ಎಳೆದು 24 ಗಂಟೆ ಬಿಟ್ಟು ಒದ್ದೆ ಕುಂಚ ಆಡಿಸಿ ನೋಡಿ. ಇಂಡಿಯನ್ ಇಂಕ್ ಫೌಂಟನ್ ಪೆನ್ನಿಗೆ ಹಾಕಬೇಡಿ, ಕಟ್ಟಿಕೊಂಡರೆ ಪೆನ್ನು ಹೋಯಿತು. ಅದ್ದಿ ಬರೆಯುವ ನಿಬ್ಬು ಸರಿ.

ಇನ್ನೊಂದು ವಿಷಯ. ಕಡತದಲ್ಲಿ ಕವಿತೆ-ಚಿತ್ರದ ಪುಟಗಳು ಮುಖಕ್ಕೆ ಮುಖ ತಾಗಿ ಮಡಚಿಕೊಳ್ಳುತ್ತವೆ. ಇದ್ದಿಲು, ಸಾಫ್ಟ್ ಪೇಸ್ಟಲ್ ಬಳಸಿದರೆ ಕವಿತೆಯ ಮೇಲೆ ಮಸಿ ಮುಖ. ಫಿಕ್ಸೆಟಿವ್ (ಪುಡಿಬಣ್ಣ ಉದುರದಂತೆ ಹಿಡಿದಿಡುವ ಸ್ಪ್ರೇ) ಹೊಡೆದರೂ ಅಂಚೆಯ ಉಜ್ಜಾಟಕ್ಕೆ ಪೂರ್ತಿ ತಡೆಯುವುದಿಲ್ಲ. ಹೇರ್ ಸ್ಪ್ರೇ ಬಳಸಿ ಅನ್ನುವವರ ಮಾತು ಕೇಳಬೇಡಿ, ಹಾಳೆ ಹಳದಿಯಾಗುತ್ತದೆ. ಜೋಡಿಗಳ ನಡುವೆ ಬಟರ್ ಪೇಪರ್ ಇಡಿ.

ಅಕ್ಷರದ ಲೆಕ್ಕ: ಪುಟದ ಅಗಲ 10.5, ಎರಡೂ ಬದಿ 1.2 ಬಿಟ್ಟರೆ 8.1 ಸೆಂ.ಮೀ. 5 ಮಿ.ಮೀ. ಎತ್ತರದ ಅಕ್ಷರ ಬರೆದರೆ ಸಾಲಿಗೆ 12-13 ಅಕ್ಷರ. ಸಾಲಿನಿಂದ ಸಾಲಿಗೆ 12 ಮಿ.ಮೀ. ಬೇಕು. ಮೇಲೆ ಗುಡಿಸು, ಕೆಳಗೆ ಒತ್ತು. "ಸ್ತ್ರೀ", "ರಾಷ್ಟ್ರ" ತರಹದ ಎರಡೆರಡು ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಡಿಕ್ಕಿ ಹೊಡೆಯುತ್ತವೆ. ಮೇಲೆ ಒಂದೂವರೆ, ಕೆಳಗೆ ಎರಡು ಸೆಂ.ಮೀ. ಬಿಟ್ಟರೆ ಎಂಟು ಸಾಲು. ಅಷ್ಟರೊಳಗೆ ಕವಿತೆ ಮುಗಿಯಲಿ.

ಬಳಪದಕಡ್ಡಿ:

ಎಲ್ಲರಿಗೂ ಧನ್ಯವಾದ. ಪಾತ್ರ ಅದಲುಬದಲಿನ ಮಾತು ಗೆಳತಿಗೆ ಹೇಳಿದೆ, ನಕ್ಕಳು, ಒಪ್ಪಿದಳು. ಇನ್ನೂ ಮೂರು ಸಂಶಯ. 5-7-5 ಹೈಕು (ಜಪಾನಿನ ಮೂರು ಸಾಲಿನ ಕವಿತೆ) ಅಂತ ಕಟ್ಟುಪಾಡು ಮಾಡಿಕೊಂಡರೆ ಹೇಗೆ, ಅಥವಾ ಭಾಮಿನಿ ಷಟ್ಪದಿ? ವರ್ಷದ ಕೊನೆಗೆ 25 ಪ್ರತಿ ಅಚ್ಚು ಹಾಕಿ ಸ್ನೇಹಿತರಿಗೆ ಕೊಡಬಹುದೇ? ಲಿನೊಕಟ್ (ಲಿನೋಲಿಯಂ ಹಾಳೆ ಕೊರೆದು ಮಸಿ ಹಚ್ಚಿ ತೆಗೆಯುವ ಅಚ್ಚು) ಯೋಚನೆ ಇದೆ. ಹಕ್ಕುಸ್ವಾಮ್ಯ ಯಾರದು?

ಮೂರನೇಸಾಲು:

5-7-5 ಅನ್ನು ಕನ್ನಡದಲ್ಲಿ ಅಕ್ಷರ ಎಣಿಸಿ ಬರೆಯುವುದು ರೂಢಿ. ಆದರೆ ಜಪಾನಿಯಲ್ಲಿ ಎಣಿಸುವುದು ನಮ್ಮ ಅಕ್ಷರಕ್ಕಿಂತ ಮಾತ್ರೆಗೆ ಹತ್ತಿರ: ದೀರ್ಘಕ್ಕೆ ಎರಡು, ಕೊನೆಯ ನ್‌ಗೆ ಒಂದು. ಮೇಲೆ ಕೊಟ್ಟ ಬಾವಿಯ ಕವಿತೆ ಅಕ್ಷರದಲ್ಲಿ 7-4-6, ಒಟ್ಟು 17. ಮಾತ್ರೆಯಲ್ಲಿ 8-6-8, ಒಟ್ಟು 22. ಮಾತ್ರೆಯಲ್ಲಿ 17ಕ್ಕೇ ಅಂಟಿಕೊಂಡರೆ ವಿಭಕ್ತಿ ಪ್ರತ್ಯಯಗಳೇ ಜಾಗ ತಿಂದು ತಂತಿ ಸುದ್ದಿಯ ಹಾಗೆ ಕೇಳಿಸುತ್ತದೆ. ಮೂರು ಸಾಲು, ಸಾಲಿಗೆ 12 ಮಾತ್ರೆ ಮೀರಬಾರದು ಅನ್ನುವಷ್ಟು ಸಾಕು.

ಭಾಮಿನಿ ನನಗೆ ಇಷ್ಟ, ಆದರೆ ಉಳಿಮಸಿಯವರ ಪುಟಕ್ಕೆ ಹಿಡಿಸುವುದಿಲ್ಲ. 1, 2, 4, 5ನೇ ಸಾಲು 3+4+3+4, ಹದಿನಾಲ್ಕು ಮಾತ್ರೆ, ಹತ್ತು ಅಕ್ಷರದ ಆಸುಪಾಸು, ಸರಿಹೋಗುತ್ತದೆ. 3 ಮತ್ತು 6ನೇ ಸಾಲು 23 ಮಾತ್ರೆ, 8.1 ಸೆಂ.ಮೀ.ಯಲ್ಲಿ ಮುರಿಯಲೇಬೇಕು. ಮುರಿದರೆ ಕೊನೆಯ ಗುರುವಿನ ಮೇಲೆ ನಿಲ್ಲುವ ನಿಲುಗಡೆ ಕಣ್ಣಿಗೆ ಕಾಣಿಸುವುದಿಲ್ಲ, ಭಾಮಿನಿಯ ಗತ್ತೆಲ್ಲ ಅಲ್ಲೇ ಇರುವುದು. ಷಟ್ಪದಿಯೇ ಬೇಕೆಂದರೆ ಪುಸ್ತಕವನ್ನು ಅಡ್ಡ ಆಕಾರಕ್ಕೆ ತಿರುಗಿಸಿ, 14 ಅಗಲ, 10.5 ಎತ್ತರ. ಆಗ ಹಾಳೆಯ ಲೆಕ್ಕ ಪೂರ್ತಿ ಬೇರೆ.

ಉಳಿಮಸಿ:

ಹನ್ನೆರಡು ಕವಿತೆಯನ್ನೂ ಲಿನೊದಲ್ಲಿ ಕೊರೆಯುವ ಸಾಹಸ ಬೇಡ. ದ-ಧ, ಪ-ಫ, ಬ-ಭ ವ್ಯತ್ಯಾಸ ಕೆಳಗಿನ ಒಂದು ಸೀಳು. ಅಕ್ಷರ ಉಬ್ಬಾಗಿ ಉಳಿಯುವಂತೆ ಸುತ್ತ ಕೊರೆಯುವಾಗ 12 ಮಿ.ಮೀ.ಗಿಂತ ಸಣ್ಣ ಅಕ್ಷರದಲ್ಲಿ ಆ ಸೀಳು ಕಿತ್ತುಹೋಗುತ್ತದೆ ಇಲ್ಲವೇ ಮಸಿ ತುಂಬಿ ಮುಚ್ಚಿಹೋಗುತ್ತದೆ. "ಧನ" "ದನ" ಆದರೆ ನಗೆಪಾಟಲು. ಹೆಸರಿನ ಪುಟ ಮತ್ತು ಒಂದೆರಡು ಚಿತ್ರ ಲಿನೊ, ಉಳಿದದ್ದು ಸ್ಕ್ಯಾನಿನಿಂದ ಒಳ್ಳೆಯ ಡಿಜಿಟಲ್ ಅಚ್ಚು.

ಹೆಸರಿನ ಪುಟಕ್ಕೆ ಒಂದು ಉಪಾಯ: ಅಕ್ಷರದ ಸುತ್ತ ಕೊರೆಯದೆ ಅಕ್ಷರವನ್ನೇ ಕೊರೆಯಿರಿ. ಅಚ್ಚಿನಲ್ಲಿ ಕಪ್ಪು ನೆಲದ ಮೇಲೆ ಬಿಳಿ ಅಕ್ಷರ ಬರುತ್ತದೆ, ಸಾಕ್ಷಾತ್ ಕಡತದ ಮೇಲಿನ ಬಳಪ. ಕೆಲಸ ಅರ್ಧಕ್ಕರ್ಧ ಕಡಿಮೆ. ಕನ್ನಡಿ ಬಿಂಬ ಮರೆಯಬೇಡಿ. ಟ್ರೇಸಿಂಗ್ ಕಾಗದದ ಮೇಲೆ 6ಬಿ ಪೆನ್ಸಿಲಿನಲ್ಲಿ ನೇರವಾಗಿ ಬರೆದು, ಬೋರಲು ಹಾಕಿ ಬೆನ್ನು ಉಜ್ಜಿದರೆ ತಾನಾಗಿ ತಿರುಗುಮುರುಗಾಗಿ ಲಿನೊಗೆ ಇಳಿಯುತ್ತದೆ.

3.2 ಮಿ.ಮೀ. ಲಿನೊ ತನ್ನಿ, ಬಿಸಿಲಲ್ಲಿ ಹತ್ತು ನಿಮಿಷ ಇಟ್ಟರೆ ಮೆತ್ತಗಾಗುತ್ತದೆ. ಹಿಡಿದ ಕೈ ಯಾವಾಗಲೂ ಉಳಿಯ ಹಿಂದೆ, ಮುಂದೆ ಅಲ್ಲ. ರೋಲರ್ ಆಡುವಾಗ ಸಣ್ಣಗೆ ಚರಚರ ಸದ್ದು ಬಂದರೆ ಮಸಿ ಸರಿಯಿದೆ, ಪಚಪಚ ಅಂದರೆ ಜಾಸ್ತಿಯಾಗಿದೆ. ಪ್ರೆಸ್ ಇಲ್ಲದೆ ಚಮಚದ ಬೆನ್ನಿನಿಂದ ಉಜ್ಜಿ ತೆಗೆಯುವುದಾದರೆ ತೆಳು ಹಾಳೆಯೇ ಬೇಕು, 80-120 ಜಿಎಸ್‌ಎಂ. ದಪ್ಪ ಹಾಳೆಯಲ್ಲಿ ಕಪ್ಪು ನೆಲ ಉಪ್ಪು ಚೆಲ್ಲಿದಂತೆ ಬಿಳಿಚುಕ್ಕಿ ಬಿಡುತ್ತದೆ. 25 ಪ್ರತಿ ಬೇಕೆಂದರೆ 30 ತೆಗೆಯಿರಿ. ಎಣ್ಣೆ ಮಸಿಗೆ ಒಣಗಲು ಎರಡು ಮೂರು ದಿನ, ಮಳೆಗಾಲದಲ್ಲಿ ವಾರ. ಪ್ರತಿ ಸಂಖ್ಯೆ ಪೆನ್ಸಿಲಿನಲ್ಲಿ ಎಡ ಕೆಳಗೆ 1/25 ಅಂತ, ಬಲಕ್ಕೆ ಇಬ್ಬರ ಸಹಿ.

ಡಿಜಿಟಲ್ ಅಚ್ಚಿಗೆ ಕವಿತೆಯನ್ನು ಟೈಪ್ ಮಾಡಿಯೂ ಕೊಡುವುದಾದರೆ ಯುನಿಕೋಡ್‌ನಲ್ಲಿ ಕೊಡಿ. ಹಳೆಯ ನುಡಿ, ಬರಹ ಫಾಂಟಿನ ಫೈಲು ಎದುರಿನ ಕಂಪ್ಯೂಟರಿನಲ್ಲಿ ಫಾಂಟ್ ಇಲ್ಲದಿದ್ದರೆ ಭೂತಭಾಷೆಯಾಗುತ್ತದೆ. ಇನ್‌ಡಿಸೈನ್‌ನಲ್ಲಿ (ಪುಟ ಜೋಡಿಸುವ ತಂತ್ರಾಂಶ) ಒತ್ತು ಚದುರಿ ಬಿದ್ದರೆ ಪ್ಯಾರಾಗ್ರಾಫ್ ಕಂಪೋಸರನ್ನು ವರ್ಲ್ಡ್-ರೆಡಿಗೆ ಬದಲಿಸಲು ಹೇಳಿ.

ಅರ್ಜಿಗುಮಾಸ್ತ:

ಹಕ್ಕುಸ್ವಾಮ್ಯದ್ದು ಚಿಕ್ಕದಾಗಿ. 1957ರ ಕಾಯಿದೆ ಪ್ರಕಾರ ಕವಿತೆ ಸಾಹಿತ್ಯ ಕೃತಿ, ನಿಮ್ಮದು. ಚಿತ್ರ ಕಲಾಕೃತಿ, ಅವರದು. ಒಬ್ಬರ ಪಾಲು ಇನ್ನೊಬ್ಬರದರಿಂದ ಬೇರ್ಪಡಿಸಲಾಗದಿದ್ದರೆ ಮಾತ್ರ ಜಂಟಿ ಕರ್ತೃತ್ವ. ನಿಮ್ಮಲ್ಲಿ ಪುಟವೇ ಬೇರೆ, ಹಾಗಾಗಿ ಅದು ಅನ್ವಯಿಸುವುದಿಲ್ಲ. ನಾಳೆ ನೀವು ಸಂಕಲನ ತಂದರೆ ಕವಿತೆಗೆ ಯಾರನ್ನೂ ಕೇಳಬೇಕಿಲ್ಲ, ಮುಖಪುಟಕ್ಕೆ ಅವರ ಚಿತ್ರ ಹಾಕಲು ಲಿಖಿತ ಒಪ್ಪಿಗೆ ಬೇಕು. ಅವರ ಪ್ರದರ್ಶನದ ಪೋಸ್ಟರಿನಲ್ಲಿ ನಿಮ್ಮ ಸಾಲು ಬಂದರೂ ಅಷ್ಟೇ. ಇದನ್ನೆಲ್ಲ ಒಂದು ಪುಟದಲ್ಲಿ ಬರೆದಿಟ್ಟುಕೊಳ್ಳಿ, ಸ್ನೇಹಿತರ ನಡುವೆ ಕಾಗದ ಯಾಕೆ ಅನ್ನಬೇಡಿ. ಹಕ್ಕು ಜೀವಿತಾವಧಿಯ ನಂತರ 60 ವರ್ಷ ಉಳಿಯುವಂಥದು, ಆಗ ಮಾತಾಡುವವರು ಮಕ್ಕಳು, ಮೊಮ್ಮಕ್ಕಳು. ಮೂಲ ಪುಸ್ತಕ ಯಾರ ಮನೆಯಲ್ಲಿರಬೇಕು ಅನ್ನುವುದು ಹಕ್ಕುಸ್ವಾಮ್ಯಕ್ಕೆ ಸಂಬಂಧವಿಲ್ಲದ ಬೇರೆಯೇ ವಿಷಯ, ಅದನ್ನೂ ಆ ಒಂದು ಪುಟದಲ್ಲೇ ಬರೆದುಕೊಳ್ಳಿ.

ರಟ್ಟುದಾರ:

ಉಳಿಮಸಿಯವರ ತಿದ್ದುಪಡಿ ಸರಿ, ಪಟ್ಟಿಯ ಕೊನೆ ನಾನು ನೋಡಿರಲಿಲ್ಲ.

ಯುಗಾದಿಗೆ ಶುರುಮಾಡುವುದರಲ್ಲಿ ಒಂದು ಲಾಭವಿದೆ. ಎರಡು ಭಾಗಗಳ ಬೆಸುಗೆ, ರಟ್ಟಿನ ಕೆಲಸ ಬರುವುದು ಮುಂದಿನ ಫಾಲ್ಗುಣಕ್ಕೆ, ಒಣ ಹವೆ. ಅಂಟಿನ ಕೆಲಸ ಧಾರವಾಡದಲ್ಲೇ ಮಾಡಿ. ಬಟರ್ ಪೇಪರ್ ನಡುವಿಟ್ಟು ಮೇಲೆ ನಾಲ್ಕೈದು ದಪ್ಪ ಪುಸ್ತಕ ಹೇರಿ ರಾತ್ರಿಯಿಡೀ ಬಿಡಿ. ಅವಸರಕ್ಕೆ ಬಿಸಿಲಿಗಿಟ್ಟರೆ ರಟ್ಟು ದೋಣಿಯಾಗುತ್ತದೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಂಗಳೂರಿನ ಸರದಿ ಮುಗಿದ ಕೂಡಲೇ ವಾಪಸು ಕಳಿಸಲು ಹೇಳಿ. ಆ ತಿಂಗಳುಗಳಲ್ಲಿ ಜಲವರ್ಣದ ಪುಟ ಮೇಲೆ ಒಣಗಿದಂತೆ ಕಂಡರೂ ಒಳಗೆ ತೇವ ಹಿಡಿದಿರುತ್ತದೆ. ಮಡಚಿ ಜಿಪ್ ಕವರಿಗೆ ಹಾಕಿದರೆ ಎಂಟು ದಿನದಲ್ಲಿ ಬೂಷ್ಟು. ಎರಡು ದಿನ ಫ್ಯಾನಿನ ಕೆಳಗೆ ಬಿಚ್ಚಿ ಇಟ್ಟು, ಸಿಲಿಕಾ ಜೆಲ್ ಪೊಟ್ಟಣ ಜೊತೆಗೆ ಹಾಕಿ ಆಮೇಲೆ ಕವರ್ ಮುಚ್ಚಲಿ.